ಲಾಡ್ಜಿನ ತಿಗಣೆಗೂ ಕಾನೂನಿದೆ

ಪ್ರವೇಶ ಪರೀಕ್ಷೆಗೆಂದು ಭೀಮನಬೀಡಿನಿಂದ ಬೆಂಗಳೂರಿಗೆ ಹೋದ ಹುಡುಗನಿಗೆ ಲಾಡ್ಜಿನಲ್ಲಿ ರಾತ್ರಿಯಿಡೀ ತಿಗಣೆ ಕಚ್ಚಿದರೆ? ಹಣೆಬರಹವೆಂದು ಸುಮ್ಮನಾಗುವವರೇ ಹೆಚ್ಚು. ಬಾಡಿಗೆ ಕೊಟ್ಟವರು ಗ್ರಾಹಕರು. ತಿಗಣೆ ತುಂಬಿದ ಹಾಸಿಗೆ ಸೇವಾ ನ್ಯೂನತೆ.

2022ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೊರಟ ಮಹಿಳೆಯೊಬ್ಬರಿಗೆ ತಿಗಣೆ ಕಚ್ಚಿತು. ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗ ಟಿಕೆಟ್ಟಿನ 850 ರೂಪಾಯಿಯ ಜೊತೆಗೆ 1 ಲಕ್ಷ ಪರಿಹಾರ ಕೊಡಿಸಿತು. ಲಾಡ್ಜಿನವರಿಗೂ ಇದೇ ಕಾಯ್ದೆ. ಎಲ್ಲರಿಗೂ ಅಷ್ಟೇ ಮೊತ್ತ ಸಿಕ್ಕೀತೆಂದು ಮಾತ್ರ ಲೆಕ್ಕ ಹಾಕಬೇಡಿ.

ಪುರಾವೆ ಬೇಕು. ತಿಗಣೆಯ, ಹಾಸಿಗೆಯ ಫೋಟೋ ಅಲ್ಲೇ ತೆಗೆಯಿರಿ. ಮ್ಯಾನೇಜರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಬೇರೆ ಕೋಣೆ ಕೇಳಿ. ದದ್ದು ಕೆಲವರಿಗೆ ಎಷ್ಟೋ ದಿನದ ಮೇಲೆ ಏಳುತ್ತದೆ, ಆಗಲೂ ವೈದ್ಯರ ಚೀಟಿ ಪಡೆಯಿರಿ. ಬಿಲ್ಲು ಜೋಪಾನ.

ದೂರಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಚಾಮರಾಜನಗರದ ಆಯೋಗದಲ್ಲೇ, ಎರಡು ವರ್ಷದೊಳಗೆ ಸಲ್ಲಿಸಬಹುದು. ಲಾಡ್ಜಿನ ಬಾಡಿಗೆಯಷ್ಟು ಮೊತ್ತದ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮಗನಿಗೆ 18 ತುಂಬಿಲ್ಲವೇ? ಅಪ್ಪ ಅಥವಾ ಅಮ್ಮ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಎಷ್ಟೋ ಲಾಡ್ಜಿನವರು ಅಲ್ಲಿಗೇ ರಾಜಿಗೆ ಬಂದಾರು.