ಯುದ್ಧಕ್ಕೆ ಯಾರ ಒಪ್ಪಿಗೆ?

ಬೀರೂರಿನಿಂದ ಹುಬ್ಬಳ್ಳಿಯ ದಾರಿ ಹಿಡಿದ ರೈಲಿಗೆ ಅಜ್ಜಂಪುರದ ಮುಂದೆ ಶಿವನಿ ಸಿಕ್ಕುತ್ತದೆ. ಹಿಂದೆ ಈ ಊರು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಇಲ್ಲಿನ ರೈತನೂ ಅರಸರ ಬೊಕ್ಕಸಕ್ಕೆ ಕಂದಾಯ ತೆರುತ್ತಿದ್ದನು. ೧೯೧೪ರಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಮೈಸೂರಿನಿಂದ ೫೦ ಲಕ್ಷ ರೂಪಾಯಿಗಳ ನೆರವು ಸಂದಿತು. ಸಂಸ್ಥಾನದ ಅಶ್ವದಳವು ಕಡಲು ದಾಟಿ, ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆಲ್ಲುವುದರಲ್ಲಿ ಪಾಲುಗೊಂಡಿತು. ಆ ಸವಾರರ ಶೌರ್ಯಕ್ಕೆ ಕುಂದಿಲ್ಲ. ಆದರೆ ಕಂದಾಯ ತೆತ್ತವನನ್ನೂ, ಮಗನನ್ನು ಕಳುಹಿದ ತಾಯಿಯನ್ನೂ ಕೇಳಿದವರಾರು? ೧೮೮೧ರಿಂದಲೇ ಪ್ರಜಾಪ್ರತಿನಿಧಿ ಸಭೆ ಕೂಡುತ್ತಿದ್ದರೂ ಅದಕ್ಕೆ ಅಹವಾಲು ಹೇಳುವ ಹಕ್ಕಿದ್ದಿತೇ ಹೊರತು ಯುದ್ಧವನ್ನು ತಡೆಯುವ ಅಧಿಕಾರವಿರಲಿಲ್ಲ.

ಅರಸೊತ್ತಿಗೆ ಹೋಯಿತು, ಪ್ರಶ್ನೆ ಉಳಿಯಿತು. ವಿಯೆಟ್ನಾಮಿನ ನೋವುಂಡ ಅಮೆರಿಕದ ಶಾಸನಸಭೆ ೧೯೭೩ರಲ್ಲಿ, ಅಧ್ಯಕ್ಷ ನಿಕ್ಸನ್ನರ ವೀಟೋವನ್ನೂ ಮೀರಿ, ಕಾನೂನೊಂದನ್ನು ಮಾಡಿತು. ಸೇನೆಯನ್ನು ಕದನಕ್ಕಿಳಿಸಿದ ಅಧ್ಯಕ್ಷನು ೪೮ ಗಂಟೆಗಳೊಳಗೆ ವರದಿ ಒಪ್ಪಿಸಬೇಕು. ಸಭೆಯ ಒಪ್ಪಿಗೆಯಿಲ್ಲದೆ ೬೦ ದಿನಗಳಾಚೆ ಕಾದಾಟ ಮುಂದುವರಿಯಕೂಡದು. ಮುಂದಿನ ಅಧ್ಯಕ್ಷರು ಇದನ್ನು ಹಲವು ಸಲ ಬದಿಗೊತ್ತಿದರು, ನಿಜ. ಆದರೂ ಕೈಹಿಡಿದು ಕೇಳಲು ಒಂದು ಗಡುವಾದರೂ ಉಂಟು.

ಭಾರತದಲ್ಲಿ ಅಂಥ ಗಡುವಿಲ್ಲ. ೧೯೮೭ರಲ್ಲಿ ಶ್ರೀಲಂಕೆಗೆ ಸೇನೆ ಹೋದುದು ಎರಡು ಸರ್ಕಾರಗಳ ಒಪ್ಪಂದದಿಂದ, ಸಂಸತ್ತಿನ ಮುನ್ನೊಪ್ಪಿಗೆಯಿಂದಲ್ಲ. ಮನೆಗೆ ನುಗ್ಗಿದ ಕಳ್ಳನನ್ನು ಓಡಿಸಲು ಪಂಚಾಯಿತಿ ಸೇರಬೇಕಾಗಿಲ್ಲ. ಪರರ ಅಂಗಳಕ್ಕೆ ದೊಣ್ಣೆ ಹಿಡಿದು ಹೋಗುವ ಮುನ್ನವಾದರೂ ಮನೆಮಂದಿಯನ್ನು ಕೇಳಬೇಡವೇ? ಖಜಾನೆಯ ಬೀಗದ ಕೈ ಸಂಸತ್ತಿನಲ್ಲಿದೆ. ಶಿವನಿಯ ಮತದಾರ ಆರಿಸಿ ಕಳುಹಿದ ಪ್ರತಿನಿಧಿಯು ಕಾಳಗ ಮುಗಿದ ಮೇಲೆ ಲೆಕ್ಕ ಕೇಳಿದರೆ ಸಾಲದು. ಸೇನೆ ಹೊರಡುವ ಮುನ್ನವೇ ಕಾರಣವನ್ನು ಕೇಳಬೇಕು.