ಕೇಟರರ್ ಎಂದರೆ ಯಾರು?

ಮುಂಬಯಿಯ ನಮ್ಮ ಹೋಟೆಲುಗಳ ಮೆನು ಕಾರ್ಡುಗಳಲ್ಲಿ ‘ಸೌತ್ ಇಂಡಿಯನ್ ಡೆಲಿಕಸೀಸ್’ ಎಂಬ ತಲೆಬರಹ ಮಾಮೂಲಿ. ಇದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಾರದು. ಅದು ‘ಕೇಟ್ಸ್’, ಸಿ, ಎ, ಟಿ, ಇ, ಎಸ್. ಆಯ್ದ, ರುಚಿಯಾದ ತಿನಿಸುಗಳು ಎಂದರ್ಥ. ಸಾಮಾನ್ಯವಾಗಿ ಬಹುವಚನದಲ್ಲೇ ಬಳಕೆ. ಶೇಕ್ಸ್‌ಪಿಯರ್ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ನಾಯಕಿ ಕೇಟ್‌ಳ ಹೆಸರನ್ನೂ ಈ ಪದವನ್ನೂ ಸೇರಿಸಿ ಚಮತ್ಕಾರ ಮಾಡಿದ್ದಾನೆ. ಈಗ ಅದು ಹಳೆಯ ಪುಸ್ತಕಗಳಲ್ಲಷ್ಟೇ ಉಳಿದಿದೆ. ಮೆನುವಿನಲ್ಲಿ ಹಾಕಿದರೆ ಗಿರಾಕಿಗಳು ಅಚ್ಚಿನ ತಪ್ಪೆಂದೇ ತಿಳಿದಾರು!

ಆದರೆ ಅದರ ಮೂಲ ನಮಗೆ ಸಂಬಂಧಿಸಿದ್ದು. ಫ್ರೆಂಚಿನಲ್ಲಿ ‘ಅಶೆತೆ’ ಎಂದರೆ ಕೊಳ್ಳುವುದು. ಅದರ ಹಳೆಯ ರೂಪದಿಂದ ಇಂಗ್ಲಿಷಿಗೆ ‘ಅಕೇಟ್’ ಬಂತು, ಅಂದರೆ ಖರೀದಿ. ಮೊದಲಕ್ಷರ ಉದುರಿ ‘ಕೇಟ್’ ಆಯಿತು. ಮನೆಯಲ್ಲಿ ಮಾಡಿದ್ದಕ್ಕಿಂತ ಪೇಟೆಯಿಂದ ಕೊಂಡು ತಂದದ್ದು ಹೆಚ್ಚು ರುಚಿಯೆಂಬ ಎಣಿಕೆ ಆಗ ಇದ್ದುದರಿಂದ, ಕೊಂಡ ಪದಾರ್ಥವೇ ವಿಶೇಷ ತಿನಿಸಾಯಿತು. (ಈಗ ‘ಮನೆಯೂಟದ ರುಚಿ’ ಎಂದು ನಾವೇ ಬೋರ್ಡು ಹಾಕುತ್ತೇವೆ, ಕಾಲ ತಿರುಗಿದೆ.) ನಮ್ಮ ‘ಕೇಟರರ್’ ಪದವೂ ಅದೇ ಬೇರಿನದು. ಕೇಟರರ್ ಎಂದರೆ ಮೊದಲಿಗೆ ಅಡುಗೆ ಮಾಡುವವನಲ್ಲ, ಬಡಿಸುವವನೂ ಅಲ್ಲ. ದೊಡ್ಡ ಮನೆಗಳಿಗೆ ಆಹಾರ ಸಾಮಗ್ರಿ ಕೊಂಡು ತರುವವನು.

ಈ ಅರ್ಥವನ್ನು ನಮ್ಮ ಹಿರಿಯರು ನಿಘಂಟು ನೋಡದೆಯೇ ಬಲ್ಲವರಾಗಿದ್ದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಆ ತಲೆಮಾರಿನಲ್ಲಿ ನಸುಕಿಗೇ ಎದ್ದು ದಾದರಿಗೋ ಬೈಕುಲ್ಲಾಕ್ಕೋ ಹೋಗಿ ತರಕಾರಿ ಆರಿಸುತ್ತಿದ್ದ ಮಾಲಕರಿದ್ದರು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡದೆ ಚೀಲಕ್ಕೆ ಹಾಕುತ್ತಿರಲಿಲ್ಲ. ಸಗಟು ಮಾರುಕಟ್ಟೆ ವಾಶಿಗೆ ಹೋಯಿತು, ದೂರವಾಯಿತು, ಟ್ರಾಫಿಕ್ಕೂ ಹೆಚ್ಚಿತು. ಈಗ ಹೆಚ್ಚಿನ ಕಡೆ ಖರೀದಿಯೆಂದರೆ ಸಪ್ಲೈಯರ್‌ಗೆ ರಾತ್ರಿ ಕಳಿಸುವ ಒಂದು ಸಂದೇಶ. ಬೆಳಗ್ಗೆ ಬಂದ ಮಾಲನ್ನು ಇಳಿಸಿಕೊಳ್ಳುವವನು ಹೊಸ ಹುಡುಗ. ಅವನು ಚೀಲ ಎಣಿಸುತ್ತಾನೆ, ಬಿಚ್ಚಿ ನೋಡುವುದಿಲ್ಲ.

ಪರಿಣಾಮ ತಟ್ಟೆಯಲ್ಲಿ ಕಾಣುತ್ತದೆ. ಚಟ್ನಿಗೆ ಕಮಟು ವಾಸನೆ ಬಂದರೆ ಬೈಸಿಕೊಳ್ಳುವವರು ಅಡುಗೆ ಭಟ್ಟರು. ಕಮಟು ಕಾಯಿ ಯಾರು ಕೊಂಡರೆಂದು ಕೇಳುವವರಿಲ್ಲ. ಬಲಿತ ಕೆಸುವಿನೆಲೆ ಬಂದರೆ ಎಷ್ಟು ಹುಳಿ ಹಾಕಿದರೂ ಪತ್ರೊಡೆ ಗಂಟಲು ತುರಿಸೀತು. ಉದ್ದು ಹಳತಾದರೆ ಇಡ್ಲಿ ಏಳದು. ಅದಕ್ಕೆ ಭಟ್ಟರನ್ನು ಬದಲಿಸಿ ಏನು ಫಲ?

ದಿನವೂ ವಾಶಿಗೆ ಹೋಗಿ ಎಂದು ಗಲ್ಲಾ ಬಿಡಲಾಗದ ಬಾಂಧವರಿಗೆ ನಾವು ಹೇಳುವುದಿಲ್ಲ. ವಾರಕ್ಕೊಮ್ಮೆ ಹೋಗಬಹುದು, ಹೋಗುವಾಗ ಭಟ್ಟರನ್ನೂ ಕರೆದೊಯ್ಯಬಹುದು. ಉಳಿದ ದಿನ ಮಾಲು ಬಂದಾಗ ಒಂದೆರಡು ಚೀಲವನ್ನಾದರೂ ಮಾಲಕರೇ ಬಿಚ್ಚಿಸಿ ನೋಡಲಿ, ಸರಿಯಿಲ್ಲದ್ದನ್ನು ಅದೇ ಟೆಂಪೋದಲ್ಲಿ ವಾಪಸು ಕಳಿಸಲಿ.