ಹುಟ್ಟಿದ ನೆಲ ಮತ್ತು ಕಾಯುವ ಸರದಿ: ಅಮೆರಿಕದ ಕಾಯಂ ವಾಸ, ಪೌರತ್ವ ಮತ್ತು ನಮ್ಮ ಕುಟುಂಬಗಳು

ಶ್ರೀಮಠದ ದರ್ಶನಕ್ಕೆ ಬರುವ ಹಿರಿಯ ಸದ್ಭಕ್ತರು ಮನದ ಭಾರವನ್ನು ಹೇಳಿಕೊಳ್ಳುವಾಗ ಮಳೆ-ಬೆಳೆ, ಆರೋಗ್ಯ, ಮಕ್ಕಳ ಮದುವೆಗಳ ಜೊತೆಗೆ ‘ಗ್ರೀನ್ ಕಾರ್ಡ್’ ಎಂಬ ಮಾತೂ ಈಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ಮಗ ಅಮೆರಿಕಕ್ಕೆ ಹೋಗಿ ಹದಿನಾಲ್ಕು ವರ್ಷವಾಯಿತು, ಮನೆ ಕೊಂಡಿದ್ದಾನೆ, ತೆರಿಗೆ ಕಟ್ಟುತ್ತಿದ್ದಾನೆ, ಆದರೂ ಕಾಯಂ ಆಗಿಲ್ಲ. ಅವನೊಡನೆ ಕೆಲಸಕ್ಕೆ ಸೇರಿದ ಬೇರೆ ದೇಶದ ಹುಡುಗ ಎರಡು-ಮೂರು ವರ್ಷಗಳಲ್ಲೇ ಕಾಯಂ ಆದನಂತೆ. ಹಾಗಾದರೆ ನಮ್ಮ ಹುಡುಗನಲ್ಲೇ ಏನಾದರೂ ಕೊರತೆಯಿದೆಯೇ ಎಂಬುದು ಅವರ ಪ್ರಶ್ನೆಯ ಸಾರ. ಕೊರತೆ ಹುಡುಗನಲ್ಲಿಲ್ಲ. ಅವನು ಯಾವ ದೇಶದಲ್ಲಿ ಹುಟ್ಟಿದ ಎಂಬ ಸಂಗತಿಯೇ ಅವನ ಸರದಿಯನ್ನು ನಿರ್ಣಯಿಸುತ್ತಿದೆ. ಈ ಕಾನೂನಿನ ಒಳಹೊರಗನ್ನು ನಮ್ಮ ಕುಟುಂಬಗಳು ಅರಿತುಕೊಂಡರೆ ಕೆಲವು ಅನಗತ್ಯ ಸಂಶಯಗಳಾದರೂ ಕಳೆಯುತ್ತವೆ ಎಂಬ ಭಾವದಿಂದ ಈ ವಿವೇಚನೆಗೆ ತೊಡಗಿದ್ದೇವೆ.

ಮೊದಲು ಮೂರು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವೀಸಾ ಎಂಬುದು ನಿರ್ದಿಷ್ಟ ಉದ್ದೇಶಕ್ಕಾಗಿ, ನಿರ್ದಿಷ್ಟ ಅವಧಿಗೆ ದೊರೆಯುವ ಅನುಮತಿ. ನಮ್ಮ ತಂತ್ರಜ್ಞರಲ್ಲಿ ಹೆಚ್ಚಿನವರು ಹೊಂದಿರುವ ಎಚ್-1ಬಿ ಈ ಬಗೆಯದು. ಅದರ ಸಾಮಾನ್ಯ ಮಿತಿ ಆರು ವರ್ಷ. ಗ್ರೀನ್ ಕಾರ್ಡ್ ಎಂಬುದು ಕಾಯಂ ವಾಸದ ಹಕ್ಕು. ಅದು ದೊರೆತವನು ಯಾವ ಸಂಸ್ಥೆಯಲ್ಲಾದರೂ ದುಡಿಯಬಹುದು, ಆದರೆ ಅವನು ಭಾರತೀಯ ಪೌರನಾಗಿಯೇ ಉಳಿಯುತ್ತಾನೆ. ಪೌರತ್ವ ಇವೆರಡರ ಆಚೆಯದು. ಮಗ ‘ಅಮೆರಿಕದವನಾದ’ ಎಂದು ಊರಿನಲ್ಲಿ ಹೇಳುವಾಗ ಈ ಮೂರರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂಬುದು ಬಹುಮಟ್ಟಿಗೆ ನಮಗೇ ಸ್ಪಷ್ಟವಿರುವುದಿಲ್ಲ.

ಭಾರತೀಯರ ಮಟ್ಟಿಗೆ ಆ ದೇಶದ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. 1917ರ ಕಾಯಿದೆಯು ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು ಪೌರತ್ವ ಕೇಳಿದಾಗ, ಅವರು ‘ಬಿಳಿಯ ವ್ಯಕ್ತಿ’ಯಲ್ಲ ಎಂಬ ಕಾರಣದಿಂದ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ನಿರಾಕರಿಸಿತು. ಆ ತೀರ್ಪಿನ ಬಳಿಕ, ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವೂ ರದ್ದಾಯಿತು. 1946ರಲ್ಲಿ ಕಾನೂನು ಸಡಿಲಗೊಂಡು ವರ್ಷಕ್ಕೆ ನೂರು ಭಾರತೀಯರಿಗೆ ಪ್ರವೇಶ ದೊರೆಯಿತು. ನೂರು ಮಂದಿ ಎಂದರೆ ಒಂದು ಸಣ್ಣ ಹಳ್ಳಿಯ ಒಂದು ಓಣಿ! ಮೂಲದೇಶಕ್ಕೆ ತಕ್ಕಂತೆ ಪಾಲು ಹಂಚುವ ಈ ಪದ್ಧತಿಯನ್ನು ತೊಡೆದುಹಾಕಿದ್ದು 1965ರ ಕಾಯಿದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಆ ವರ್ಷದ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅದಕ್ಕೆ ಸಹಿ ಮಾಡಿದರು. ಆ ನಂತರದ ದಶಕಗಳಲ್ಲಿ ಕರ್ನಾಟಕದಿಂದ ಅಲ್ಲಿಗೆ ಹೋದ ವೈದ್ಯರೂ ಅಭಿಯಂತರರೂ ಈ ಕಾಯಿದೆಯು ತೆರೆದ ಬಾಗಿಲಿನಿಂದಲೇ ಹೋದವರು.

ಆದರೆ ಮೂಲದೇಶದ ಲೆಕ್ಕ ನಿಜವಾಗಿ ತೊಲಗಿತೇ? ಇಂದಿನ ವ್ಯವಸ್ಥೆಗೆ ಆಧಾರವಾದ 1990ರ ಕಾಯಿದೆಯನ್ನು ನೋಡೋಣ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾಯಂ ವಾಸದ ಅನುಮತಿಗಳನ್ನು ಅದು ನಿಗದಿಪಡಿಸಿತು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಒಟ್ಟಿನ ಶೇ. 7ಕ್ಕಿಂತ ಹೆಚ್ಚು ಸಲ್ಲದು ಎಂದಿತು. ಅಂದರೆ ಈ ಲೆಕ್ಕದಲ್ಲಿ ಭಾರತಕ್ಕೆ ದಕ್ಕುವುದು ಸುಮಾರು 9,800. ಹಲವು ಲಕ್ಷ ಜನಸಂಖ್ಯೆಯ ಐಸ್‌ಲ್ಯಾಂಡಿಗೂ ಮಿತಿ ಅಷ್ಟೇ, ನೂರಾನಲವತ್ತು ಕೋಟಿಯ ಭಾರತಕ್ಕೂ ಅಷ್ಟೇ. ನಮ್ಮ ಸ್ನಾತಕೋತ್ತರ ಪದವೀಧರರು ಹೆಚ್ಚಾಗಿ ಅರ್ಜಿ ಹಾಕುವ ಎರಡನೆಯ ವರ್ಗಕ್ಕೆ ಮೀಸಲಾದದ್ದು 40,040, ಅದರ ಶೇ. 7 ಎಂದರೆ 2,803. ಇದರಲ್ಲೇ ಅರ್ಜಿದಾರನ ಹೆಂಡತಿ-ಮಕ್ಕಳೂ ಎಣಿಕೆಗೆ ಬರುತ್ತಾರೆ. ನಾಲ್ವರ ಕುಟುಂಬವೊಂದು ನಾಲ್ಕು ಸ್ಥಾನಗಳನ್ನು ಬಳಸುತ್ತದೆ. ಹಾಗೆ ನೋಡಿದರೆ ವರ್ಷಕ್ಕೆ ಏಳುನೂರು ಕುಟುಂಬಗಳಿಗಷ್ಟೇ ಜಾಗ. ಇತರ ದೇಶಗಳವರು ಬಳಸದೆ ಉಳಿದವು ಸರದಿಯಲ್ಲಿ ಮುಂದಿರುವವರಿಗೆ ಹರಿದುಬರುವುದುಂಟು. ಕೋವಿಡ್ ಕಾಲದಲ್ಲಿ ಕುಟುಂಬ ವರ್ಗದಲ್ಲಿ ಉಳಿದವು ಉದ್ಯೋಗ ವರ್ಗಕ್ಕೆ ಬಂದು 2021 ಮತ್ತು 2022ರ ಆರ್ಥಿಕ ವರ್ಷಗಳಲ್ಲಿ ಮಿತಿ ಎರಡೂವರೆ ಲಕ್ಷವನ್ನು ದಾಟಿತ್ತು. ಆದರೆ ಮೊದಲ ವರ್ಷ ಕಛೇರಿಗಳು ಅರ್ಜಿಗಳನ್ನು ಸಕಾಲದಲ್ಲಿ ವಿಲೇವಾರಿ ಮಾಡಲಾಗದೆ ಸಾವಿರಾರು ಸ್ಥಾನಗಳು ವ್ಯರ್ಥವಾದವು.

ಅರ್ಜಿಯ ಮೊದಲ ಹಂತ ದಾಖಲಾದ ದಿನವನ್ನು ‘ಆದ್ಯತಾ ದಿನಾಂಕ’ ಎನ್ನುತ್ತಾರೆ. ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ಸರದಿ ಬಂದಿದೆ ಎಂಬುದನ್ನು ಅಲ್ಲಿನ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುತ್ತದೆ. 2025ರ ನಡುವಿನಲ್ಲಿ ಭಾರತೀಯರ ಎರಡನೆಯ ವರ್ಗದ ದಿನಾಂಕ ಇನ್ನೂ 2013ರ ಜನವರಿಯಲ್ಲೇ ನಿಂತಿತ್ತು. ಈ ದಿನಾಂಕ ಮುಂದಕ್ಕೆ ಹೋಗುವಂತೆ ಹಿಂದಕ್ಕೂ ಸರಿಯಬಲ್ಲದು. ಬೇಡಿಕೆ ಹೆಚ್ಚಾದಾಗ ಹಾಗೆ ಸರಿದ ನಿದರ್ಶನಗಳಿವೆ. ಬಸ್ ನಿಲ್ದಾಣದಲ್ಲಿ ಹಿಂದಕ್ಕೆ ಚಲಿಸುವ ಸರದಿಯನ್ನು ನಾವಾರೂ ಕಂಡಿಲ್ಲ.

ಇಲ್ಲಿ ‘ದೇಶ’ ಎಂದರೆ ಪೌರತ್ವದ ದೇಶವಲ್ಲ, ಹುಟ್ಟಿದ ದೇಶ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ದಾವಣಗೆರೆಯಲ್ಲಿ ಹುಟ್ಟಿ, ಕೆನಡಾದ ಪೌರನಾಗಿ, ಅಲ್ಲಿಂದ ಅಮೆರಿಕಕ್ಕೆ ಹೋದವನು ನಿಲ್ಲಬೇಕಾದದ್ದು ಭಾರತದ ಸರದಿಯಲ್ಲೇ. ಕುವೈತಿನಲ್ಲಿ ನೌಕರಿಯಲ್ಲಿದ್ದ ಮಂಗಳೂರಿನ ದಂಪತಿಗಳಿಗೆ ಅಲ್ಲಿ ಹುಟ್ಟಿದ ಮಗ ಭಾರತದ ಪಾಸ್‌ಪೋರ್ಟನ್ನೇ ಹೊಂದಿದ್ದರೂ ಅವನ ಸರದಿ ಕುವೈತಿನದು. ಅಲ್ಲಿ ಕಾಯುವವರು ಕಡಿಮೆ. ಗಂಡ-ಹೆಂಡಿರಲ್ಲಿ ಒಬ್ಬರ ಹುಟ್ಟಿದ ದೇಶವನ್ನು ಇನ್ನೊಬ್ಬರೂ ಬಳಸಿಕೊಳ್ಳಲು ಅವಕಾಶವಿದೆ. ವಿದ್ಯೆ, ದುಡಿಮೆ, ನಡತೆಗಳೆಲ್ಲ ಸಮಾನವಾಗಿದ್ದರೂ ಹೆರಿಗೆಯಾದ ಊರು ಬೇರೆಯಾದುದರಿಂದ ಹತ್ತು ವರ್ಷಗಳ ಅಂತರ! ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದರ ವಿರುದ್ಧ ಹನ್ನೆರಡನೆಯ ಶತಮಾನದಲ್ಲೇ ದನಿಯೆತ್ತಿದ ಪರಂಪರೆಯ ನಮಗೆ ಈ ಅಳತೆಗೋಲು ಒಗ್ಗದಿರುವುದು ಸಹಜ. ಆದರೆ ಅಳತೆಗೋಲು ನಮ್ಮದಲ್ಲ, ಅವರದು.

ಈ ಮಿತಿಯನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಮಿತಿಯಿಲ್ಲದಿದ್ದರೆ ಒಂದೆರಡು ದೊಡ್ಡ ದೇಶಗಳವರೇ ಎಲ್ಲ ಸ್ಥಾನಗಳನ್ನೂ ತುಂಬಿಬಿಡುತ್ತಾರೆ, ಸಣ್ಣ ದೇಶಗಳ ದಾದಿಯರೂ ವಿಜ್ಞಾನಿಗಳೂ ಕಾಯುವಂತಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಉದ್ಯೋಗ ವರ್ಗದಲ್ಲಿ ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ ಭಾರಿ ಬಹುಮತದಿಂದ ಅಂಗೀಕಾರವಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪದಲ್ಲಿ ಅಂಗೀಕರಿಸಿತು. ಎರಡನ್ನು ಹೊಂದಿಸುವಷ್ಟರಲ್ಲಿ ಆ ಸಂಸತ್ತಿನ ಅವಧಿಯೇ ಮುಗಿಯಿತು. ಎಲ್ಲರಿಗೂ ಸ್ಥಾನಗಳನ್ನು ಹೆಚ್ಚಿಸದೆ ಮಿತಿಯನ್ನಷ್ಟೇ ತೆಗೆದರೆ ಸಂಕಟ ಕೈಬದಲಾಗುವುದೇ ಹೊರತು ಕರಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಾಯುವವರ ಬದುಕು ಹೇಗಿರುತ್ತದೆ? 2000ದ ಕಾಯಿದೆಯ ಪ್ರಕಾರ, ಸಂಸ್ಥೆ ಸಲ್ಲಿಸಿದ ಕಾಯಂ ವಾಸದ ಅರ್ಜಿ ಮಂಜೂರಾಗಿ ಸರದಿಗಾಗಿ ಮಾತ್ರ ಕಾಯುತ್ತಿರುವವರು ಆರು ವರ್ಷಗಳ ನಂತರವೂ ಎಚ್-1ಬಿಯನ್ನು ನವೀಕರಿಸಿಕೊಳ್ಳುತ್ತ ಹೋಗಬಹುದು. ಆದರೆ ನೌಕರಿ ಹೋದರೆ ಹೊಸದನ್ನು ಹುಡುಕಲು ಸಾಮಾನ್ಯವಾಗಿ ದೊರೆಯುವ ಕಾಲ ಅರವತ್ತು ದಿನ. ಊರಿಗೆ ಬರುವುದೂ ಸುಲಭವಲ್ಲ. ಅಲ್ಲಿ ಇರುವ ಅನುಮತಿ ಬೇರೆ, ಮರಳಿ ಪ್ರವೇಶಿಸಲು ಪಾಸ್‌ಪೋರ್ಟಿನಲ್ಲಿ ಒತ್ತಬೇಕಾದ ವೀಸಾ ಮುದ್ರೆ ಬೇರೆ. ಮುದ್ರೆಯ ಅವಧಿ ಮುಗಿದವರು ಭಾರತಕ್ಕೆ ಬಂದರೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಸಂದರ್ಶನ ಮುಗಿಸಿಯೇ ಹಿಂದಿರುಗಬೇಕು. 2025ರ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣಗಳ ಪರಿಶೀಲನೆ ವಿಸ್ತರಣೆಯಾದಾಗ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ರಜೆಗೆಂದು ಬಂದ ಅನೇಕರು ಇಲ್ಲಿಯೇ ಸಿಲುಕಿದರು. ತಂದೆಯ ಅಂತ್ಯಸಂಸ್ಕಾರಕ್ಕೂ ಬರಲಿಲ್ಲವೆಂದು ಮಗನನ್ನು ಊರಿನವರು ಆಡಿಕೊಳ್ಳುವಾಗ ಈ ಸಂಗತಿಯನ್ನು ಯಾರಾದರೂ ಎತ್ತಿ ಹೇಳುವುದು ಒಳ್ಳೆಯದು.

ಎಲ್ಲಕ್ಕಿಂತ ಕಠಿಣವಾದುದು ಮಕ್ಕಳ ವಯಸ್ಸಿನ ಪ್ರಶ್ನೆ. ಭಾರತದಲ್ಲಿ ಹುಟ್ಟಿ, ಎರಡು-ಮೂರು ವರ್ಷದ ಕೂಸಾಗಿ ಹೋದ ಮಗಳು ಅಲ್ಲಿಯೇ ಓದಿ ಬೆಳೆದರೂ ತಂದೆಯ ವೀಸಾದ ಆಸರೆಯಲ್ಲೇ ಇರುತ್ತಾಳೆ. ಸರದಿ ಬರುವ ಮೊದಲೇ ಅವಳಿಗೆ ಇಪ್ಪತ್ತೊಂದು ತುಂಬಿದರೆ ಕಾನೂನಿನ ದೃಷ್ಟಿಯಲ್ಲಿ ಅವಳು ‘ಮಗು’ವಲ್ಲ, ತಂದೆಯ ಅರ್ಜಿಯಿಂದ ಹೊರಬೀಳುತ್ತಾಳೆ. 2002ರ ಕಾಯಿದೆಯು ಅರ್ಜಿ ಕಛೇರಿಯ ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿದೆ. ಸರದಿಯಲ್ಲಿ ಕಳೆದ ವರ್ಷಗಳಿಗೆ ಆ ವಿನಾಯಿತಿ ಇಲ್ಲ. ಆ ಹುಡುಗಿ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ತಾನು ನೆನಪಿಟ್ಟುಕೊಂಡೇ ಇರದ ದೇಶಕ್ಕೆ ಮರಳಬೇಕು. ಅವಳ ತಮ್ಮ ಅಲ್ಲಿಯೇ ಹುಟ್ಟಿದವನಾದರೆ 1868ರ ಹದಿನಾಲ್ಕನೆಯ ತಿದ್ದುಪಡಿಯಂತೆ ಜನ್ಮತಃ ಪೌರ. ಒಂದೇ ಮನೆಯ ಎರಡು ಮಕ್ಕಳಿಗೆ ಎರಡು ಬಗೆಯ ಭವಿಷ್ಯ. 2025ರ ಜನವರಿಯಲ್ಲಿ ಹೊರಟ ಅಧ್ಯಕ್ಷರ ಆದೇಶ ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಈ ಜನ್ಮಸಿದ್ಧ ಪೌರತ್ವವನ್ನೂ ನಿರಾಕರಿಸಲು ಹೊರಟಿತು. ನ್ಯಾಯಾಲಯಗಳು ಅದಕ್ಕೆ ತಡೆಯೊಡ್ಡಿದವು, ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನ ಘೋಷಣೆಯು ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರುಗಳ ಶುಲ್ಕ ವಿಧಿಸಿತು. ಈಗ ಇಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳ ಪೋಷಕರು ಹತ್ತು ವರ್ಷದ ಹಿಂದಿನ ನೆರೆಮನೆಯವರ ಉದಾಹರಣೆಯನ್ನು ನೆಚ್ಚಿ ಹೊಲ ಅಡವಿಟ್ಟು ಸಾಲ ಮಾಡಬಾರದು.

ಅಲ್ಲಿನ ಕಾನೂನನ್ನು ಆಕ್ಷೇಪಿಸುವ ಮುನ್ನ ನಮ್ಮ ಮನೆಯಂಗಳವನ್ನೂ ಒಮ್ಮೆ ನೋಡುವುದು ನ್ಯಾಯ. ನಮ್ಮಲ್ಲಿಯೂ 1987ರ ಜುಲೈ 1ರವರೆಗೆ ಈ ನೆಲದಲ್ಲಿ ಹುಟ್ಟಿದವರು ಬಹುಮಟ್ಟಿಗೆ ಜನ್ಮತಃ ಪೌರರಾಗುತ್ತಿದ್ದರು. ಬಳಿಕ ತಂದೆ-ತಾಯಿಯರ ಪೌರತ್ವವನ್ನು ನೋಡುವ ಕ್ರಮ ಬಂದಿತು, 2004ರಲ್ಲಿ ಅದು ಇನ್ನೂ ಬಿಗಿಯಾಯಿತು. ಬೈಲಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರ ಮಕ್ಕಳು-ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ ಕನ್ನಡವನ್ನೂ ಆಡುತ್ತಾರೆ. ಅವರಲ್ಲಿ 1987ಕ್ಕೆ ಮೊದಲು ಹುಟ್ಟಿದವರು ಭಾರತೀಯ ಪೌರರೇ ಎಂದು ಹೇಳಲು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೇ ಬೇಕಾಯಿತು. ಕಾಯುವವರು ನಮ್ಮ ಮಕ್ಕಳು ಮಾತ್ರವಲ್ಲ.

ಗ್ರೀನ್ ಕಾರ್ಡ್ ದೊರೆತು ಐದು ವರ್ಷಗಳಾದ ಮೇಲೆ, ಪೌರರನ್ನು ಮದುವೆಯಾಗಿ ಜೊತೆಯಲ್ಲಿರುವವರಾದರೆ ಮೂರು ವರ್ಷಗಳ ಮೇಲೆ, ಪೌರತ್ವಕ್ಕೆ ಅರ್ಜಿ ಹಾಕಬಹುದು. ಐದು ವರ್ಷಗಳಲ್ಲಿ ಕನಿಷ್ಠ ಮೂವತ್ತು ತಿಂಗಳು ಆ ನೆಲದಲ್ಲಿ ಇದ್ದಿರಬೇಕು. ಒಂದೇ ಬಾರಿಗೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪ್ರಶ್ನೆಗಳೇಳುತ್ತವೆ. ಇಂಗ್ಲಿಷಿನ ಪರೀಕ್ಷೆಯ ಜೊತೆಗೆ ಚರಿತ್ರೆ ಮತ್ತು ಆಡಳಿತ ಕುರಿತ ಪರೀಕ್ಷೆಯಿದೆ. 2025ರ ಅಕ್ಟೋಬರ್‌ನಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯಿಂದ ಇಪ್ಪತ್ತನ್ನು ಕೇಳುತ್ತಾರೆ, ಹನ್ನೆರಡಕ್ಕೆ ಸರಿಯುತ್ತರ ಬೇಕು. ಐವತ್ತೈದು ದಾಟಿ ಹದಿನೈದು ವರ್ಷ, ಅಥವಾ ಐವತ್ತು ದಾಟಿ ಇಪ್ಪತ್ತು ವರ್ಷ ಕಾಯಂ ವಾಸಿಗಳಾಗಿದ್ದವರಿಗೆ ಇಂಗ್ಲಿಷಿನ ವಿನಾಯಿತಿಯಿದೆ. ಅವರು ದುಭಾಷಿಯ ನೆರವಿನಿಂದ ಕನ್ನಡದಲ್ಲಿಯೇ ಉತ್ತರಿಸಬಹುದು. ಇದನ್ನು ಬಲ್ಲವರು ಕಡಿಮೆ.

ಆ ದೇಶಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದೊಡನೆ ಇಲ್ಲಿನ 1955ರ ಪೌರತ್ವ ಕಾಯಿದೆಯ ಒಂಬತ್ತನೆಯ ಕಲಮಿನಂತೆ ಭಾರತದ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ನಮ್ಮ ಸಂವಿಧಾನ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ಹಿಂದಿರುಗಿಸುವುದು ಕಡ್ಡಾಯ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಳಸುವುದು ಅಪರಾಧ. 2022ರ ಒಂದೇ ವರ್ಷದಲ್ಲಿ 2,25,620 ಭಾರತೀಯರು ಬೇರೆ ಬೇರೆ ದೇಶಗಳಿಗಾಗಿ ಪೌರತ್ವ ತ್ಯಜಿಸಿದರೆಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿತು. 2005ರ ತಿದ್ದುಪಡಿಯಿಂದ ಬಂದ ಒಸಿಐ ಕಾರ್ಡನ್ನು ಹಲವರು ಎರಡನೆಯ ಪೌರತ್ವವೆಂದೇ ಭಾವಿಸಿದ್ದಾರೆ. ಅದು ಜೀವಮಾನದ ವೀಸಾ, ಅಷ್ಟೇ. ಮತದಾನವಿಲ್ಲ, ಸಾಂವಿಧಾನಿಕ ಹುದ್ದೆಯಿಲ್ಲ. ಗ್ರೀನ್ ಕಾರ್ಡಿನಲ್ಲೇ ಉಳಿದು ಭಾರತೀಯ ಪೌರನಾಗಿರುವವನಿಗೆ ಮತದ ಹಕ್ಕು ಉಂಟು, ಆದರೆ ಊರಿಗೇ ಬಂದು ಹಾಕಬೇಕು.

ಹಾಗಿದ್ದೂ ಪೌರತ್ವ ಪಡೆಯುವವರ ಮನಸ್ಸಿನಲ್ಲಿ ಹಲವು ವೇಳೆ ತಂದೆ-ತಾಯಿಗಳೇ ಇರುತ್ತಾರೆ. ಗ್ರೀನ್ ಕಾರ್ಡ್ ಉಳ್ಳವರು ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳಲಾಗದು. ಇಪ್ಪತ್ತೊಂದು ದಾಟಿದ ಪೌರರು ಕರೆಸಿಕೊಳ್ಳಬಹುದು, ಅದಕ್ಕೆ ಸಂಖ್ಯಾಮಿತಿಯಿಲ್ಲ. ಆದರೆ ಹಿರಿಯರು ಒಪ್ಪಿಗೆ ಕೊಡುವ ಮೊದಲು ಯೋಚಿಸಬೇಕು. ಗ್ರೀನ್ ಕಾರ್ಡ್ ಇರುವುದು ಅಲ್ಲಿ ವಾಸಿಸುವವರಿಗೆ. ಅದನ್ನು ಪಡೆದು ವರ್ಷದ ಹನ್ನೊಂದು ತಿಂಗಳು ಗದುಗಿನ ಮನೆಯಲ್ಲೇ ಇದ್ದರೆ ಅದು ಕೈತಪ್ಪುತ್ತದೆ. ಅರವತ್ತೈದು ದಾಟಿದ ಹೊಸಬರಿಗೆ ಸರಕಾರಿ ವೈದ್ಯಕೀಯ ವಿಮೆಯನ್ನು ಹಣ ತೆತ್ತು ಪಡೆಯುವುದಕ್ಕೂ ಐದು ವರ್ಷಗಳ ನಿರಂತರ ವಾಸ ಬೇಕು. ಮೊಮ್ಮಕ್ಕಳನ್ನು ನೋಡಿ ಬರುವುದಷ್ಟೇ ಆಸೆಯಾದರೆ, ಒಮ್ಮೆ ಹೋದಾಗ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುವ ಪ್ರವಾಸಿ ವೀಸಾ ಸಾಕು.

ಹೊಲದ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಆದರೆ ಕೇಂದ್ರದ ವಿದೇಶಿ ವಿನಿಮಯ ನಿಯಮಗಳು ಹೊರದೇಶದಲ್ಲಿ ನೆಲೆಸಿರುವ ಭಾರತೀಯರಿಗೂ ಒಸಿಐ ಕಾರ್ಡಿನವರಿಗೂ ಕೃಷಿಭೂಮಿ, ತೋಟ, ತೋಟದ ಮನೆಗಳ ಖರೀದಿಯನ್ನು ಸಮಾನವಾಗಿಯೇ ನಿಷೇಧಿಸುತ್ತವೆ. ಆದುದರಿಂದ ಮಗ ಕಳಿಸಿದ ಹಣದಿಂದ ಅವನ ಹೆಸರಿಗೇ ಪಕ್ಕದ ಎರಡು ಎಕರೆ ಬರೆಸಿಕೊಳ್ಳುವ ಮೊದಲು ವಕೀಲರನ್ನು ಕೇಳಬೇಕು. ಪಿತ್ರಾರ್ಜಿತವಾಗಿ ಬರುವ ಹೊಲಕ್ಕೆ ಈ ನಿಷೇಧ ತಟ್ಟುವುದಿಲ್ಲ. ಮಗ ಅಮೆರಿಕದ ಪೌರನಾದರೂ ತಂದೆಯ ಜಮೀನು ಅವನಿಗೆ ಬರುತ್ತದೆ. ಮುಂದೆ ಅವನು ಅದನ್ನು ಮಾರುವುದಾದರೆ ಕೊಳ್ಳುವವನು ಭಾರತದಲ್ಲೇ ನೆಲೆಸಿರುವ ಭಾರತೀಯ ಪೌರನಾಗಿರಬೇಕು.